ಜೋತಿರಾವ್ ಫುಲೆ: ಪುಣೆಯ ಮಕ್ಕಳ ಶಾಲೆ ಮತ್ತು ಅಮೆರಿಕದ ದಾಸ್ಯವಿಮೋಚನೆ

ಸದಾಶಿವ ಪೇಠದ ಅಂಚಿನಲ್ಲಿ, ಬಾಜೀರಾವ್ ರಸ್ತೆಗೆ ಮುಖಮಾಡಿ ನಿಂತಿರುವ ವಿಶ್ರಾಮಬಾಗ್ ವಾಡೆಯನ್ನು ಪುಣೆಯ ಕನ್ನಡಿಗರಲ್ಲಿ ನೋಡದವರು ವಿರಳ. ಕೊನೆಯ ಪೇಶ್ವೆ ಎರಡನೆಯ ಬಾಜೀರಾಯನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತನ್ನ ವಾಸಕ್ಕೆಂದು ಕಟ್ಟಿಸಿದ, ಮರದ ಕೆತ್ತನೆಗೆ ಹೆಸರಾದ ಸೌಧವಿದು. 1818ರಲ್ಲಿ ರಾಜ್ಯವು ಇಂಗ್ಲಿಷರ ಕೈಸೇರಿತು. 1821ರಲ್ಲಿ ಈ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಪೇಶ್ವೆಯರು ಪಂಡಿತರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣದ ಒಂದು ಪಾಲು ಅದರ ವೆಚ್ಚಕ್ಕೆ ಸಲ್ಲುತ್ತಿತ್ತು. ಇದೇ ವಾಡೆಯಲ್ಲಿ 1852ರ ನವೆಂಬರ್ 16ರಂದು, ಸರ್ಕಾರದ ಪರವಾಗಿ ಮೇಜರ್ ಕ್ಯಾಂಡಿಯವರು ಇಪ್ಪತ್ತೈದು ವರ್ಷದ ಒಬ್ಬ ತರುಣನಿಗೆ ಶಾಲು ಹೊದಿಸಿ ಸನ್ಮಾನಿಸಿದರು. ಆತ ಪಂಡಿತನಲ್ಲ, ಹೂವು ತರಕಾರಿ ಬೆಳೆಯುವ ಮಾಲಿ ಜಾತಿಯವನು. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರ ಮಕ್ಕಳಿಗೂ ಅಕ್ಷರ ಕಲಿಸಿದ್ದು ಆತನ ಸಾಧನೆ. ಅವರೇ ಮುಂದೆ ಮಹಾತ್ಮಾ ಎಂದು ಲೋಕವಿಖ್ಯಾತರಾದ ಜೋತಿರಾವ್ ಗೋವಿಂದರಾವ್ ಫುಲೆ.

ಫುಲೆಯವರ ಹೆಸರು ಯಾರಿಗೂ ಹೊಸದಲ್ಲ. ಪುಣೆಯ ವಿಶ್ವವಿದ್ಯಾಲಯವು 2014ರಿಂದ ಅವರ ಧರ್ಮಪತ್ನಿ ಸಾವಿತ್ರಿಬಾಯಿಯವರ ಹೆಸರನ್ನು ಹೊತ್ತಿದೆ. ತರಕಾರಿಗೆಂದು ನಾವೆಲ್ಲರೂ ಹೋಗುವ ಮಂಡಯಿಗೂ ಫುಲೆಯವರದೇ ಹೆಸರು. ಆದರೆ ಅವರ ಜೀವನದ ಒಂದು ಎಳೆ ನಮ್ಮ ಮನೆಗಳಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲವೆಂದು ನಮಗೆ ತೋರುತ್ತದೆ. 1873ರಲ್ಲಿ ಪ್ರಕಟವಾದ ತಮ್ಮ ‘ಗುಲಾಮಗಿರಿ’ ಎಂಬ ಗ್ರಂಥವನ್ನು ಅವರು ಅರ್ಪಿಸಿದ್ದು ಗುರುವಿಗಲ್ಲ, ರಾಜನಿಗಲ್ಲ. ಕಪ್ಪು ಜನರ ದಾಸ್ಯವನ್ನು ಕೊನೆಗಾಣಿಸಲು ತ್ಯಾಗಮಾಡಿದ ಅಮೆರಿಕ ಸಂಯುಕ್ತ ಸಂಸ್ಥಾನದ ಸಜ್ಜನರಿಗೆ. ಇಂದು ನಮ್ಮಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿನ ಶಾಲೆಗಳಲ್ಲಿ ಫೆಬ್ರವರಿ ತಿಂಗಳು ಕಪ್ಪು ಜನರ ಇತಿಹಾಸಕ್ಕೆ ಮೀಸಲು. ಇತಿಹಾಸಕಾರ ಕಾರ್ಟರ್ ವುಡ್‌ಸನ್ನರು 1926ರಲ್ಲಿ ಒಂದು ವಾರದ ಆಚರಣೆಯಾಗಿ ಆರಂಭಿಸಿದ್ದು 1976ರಿಂದ ಇಡೀ ತಿಂಗಳಿಗೆ ವಿಸ್ತರಿಸಿತು. ಆರೇಳು ವರ್ಷದ ಮೊಮ್ಮಗಳು ದೂರವಾಣಿಯಲ್ಲಿ ಅದರ ಕುರಿತು ಕೇಳಿದರೆ, ಅದು ನಿಮ್ಮ ದೇಶದ ಕಥೆಯಮ್ಮಾ ಎಂದು ಹೇಳಿ ಮಾತು ತಿರುಗಿಸುವುದು ನಮ್ಮ ವಾಡಿಕೆ. ಅದು ನಮ್ಮ ಪೇಠಗಳ ಕಥೆಯೂ ಹೌದೆಂದು ನೂರೈವತ್ತು ವರ್ಷಗಳ ಹಿಂದೆಯೇ ಇದೇ ಊರಿನ ಒಬ್ಬರು ಕಂಡುಕೊಂಡಿದ್ದರು.

ಜೋತಿರಾಯರು ಜನಿಸಿದ್ದು 1827ರ ಏಪ್ರಿಲ್ 11ರಂದು. ಮನೆತನದ ಮೂಲ ಸಾತಾರಾ ಸೀಮೆಯ ಕಟಗುಣ. ಮೊದಲ ಅಡ್ಡಹೆಸರು ಗೋರ್ಹೆ. ಪೇಶ್ವೆಯರ ಅರಮನೆಗೆ ಹೂವು ಒದಗಿಸುವ ಕಾಯಕದಿಂದ ಫುಲೆ ಎಂಬ ಹೆಸರು ಬಂದಿತು. ಮಗು ವರ್ಷ ತುಂಬುವ ಮೊದಲೇ ತಾಯಿ ಚಿಮಣಾಬಾಯಿ ತೀರಿಕೊಂಡರು. ಸಗುಣಾಬಾಯಿ ಎಂಬ ಬಂಧು ಸಾಕಿ ಬೆಳೆಸಿದರು. ಓದುಬರಹ ಕಲಿತೊಡನೆ ತಂದೆ ಶಾಲೆ ಬಿಡಿಸಿ ತೋಟದ ಕೆಲಸಕ್ಕೆ ಹಚ್ಚಿದರು. ನೆರೆಹೊರೆಯ ಇಬ್ಬರು ಹಿರಿಯರು, ಗಫಾರ್ ಬೇಗ್ ಮುನ್ಶಿ ಎಂಬ ಪರ್ಷಿಯನ್ ಭಾಷೆಯ ಪಂಡಿತರು ಮತ್ತು ಲಿಜಿಟ್ ಎಂಬ ಇಂಗ್ಲಿಷ್ ಅಧಿಕಾರಿ, ಹುಡುಗನ ಚುರುಕುತನವನ್ನು ಮೆಚ್ಚಿ ತಂದೆಯ ಮನವೊಲಿಸದಿದ್ದರೆ ನಮಗೆ ಈ ಕಥೆಯೇ ಇರುತ್ತಿರಲಿಲ್ಲ. 1841ರಲ್ಲಿ ಸ್ಕಾಟಿಷ್ ಮಿಷನ್ ಶಾಲೆಗೆ ಸೇರಿದ ಜೋತಿರಾಯರು 1847ರಲ್ಲಿ ವಿದ್ಯಾಭ್ಯಾಸ ಮುಗಿಸಿದರು. ಅದಕ್ಕೂ ಮೊದಲೇ, 1840ರಲ್ಲಿ, ನಾಯಗಾಂವದ ಒಂಬತ್ತು ವರ್ಷದ ಸಾವಿತ್ರಿಯೊಡನೆ ವಿವಾಹವಾಗಿತ್ತು.

ಶಾಲೆಯ ಕೊನೆಯ ವರ್ಷ ಅವರ ಕೈಗೆ ಬಂದ ಗ್ರಂಥ ಥಾಮಸ್ ಪೇನ್ ಬರೆದ ‘ಮಾನವನ ಹಕ್ಕುಗಳು’. ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ಲೇಖನಿಯ ಬೆಂಬಲ ನೀಡಿದ ಆ ಇಂಗ್ಲಿಷ್ ಲೇಖಕನು ಹುಟ್ಟಿನಿಂದ ಬರುವ ಅಧಿಕಾರವನ್ನು ನಿರಾಕರಿಸಿದವನು. ಮರುವರ್ಷ, 1848ರಲ್ಲಿ, ಬ್ರಾಹ್ಮಣ ಸ್ನೇಹಿತನೊಬ್ಬನ ಮದುವೆಯ ದಿಬ್ಬಣದಲ್ಲಿ ಹೆಜ್ಜೆಹಾಕುತ್ತಿದ್ದ ಜೋತಿರಾಯರನ್ನು ವರನ ಬಂಧುಗಳು ಶೂದ್ರನೆಂದು ಹೀನೈಸಿದರು. ಈ ಪ್ರಸಂಗವನ್ನು ಎಲ್ಲ ಚರಿತ್ರಕಾರರೂ ಹೇಳುತ್ತಾರೆ. ನಮಗೆ ಮುಖ್ಯವಾಗಿ ಕಾಣುವುದು ಅವಮಾನಕ್ಕಿಂತ ಅದರ ಫಲ. ತನಗಾದುದಕ್ಕೆ ಉತ್ತರ ಕೊಡುವ ಬದಲು, ತನಗಿಂತ ಕೆಳಗೆ ನೂಕಲ್ಪಟ್ಟವರ ಮಕ್ಕಳತ್ತ ಆ ತರುಣ ತಿರುಗಿದರು.

ಆ ಹೊತ್ತಿಗೆ ಅವರ ಮಿತ್ರ ಸದಾಶಿವ ಬಲ್ಲಾಳ ಗೋವಂಡೆಯವರು ಅಹಮದ್‌ನಗರದಲ್ಲಿ ಉದ್ಯೋಗದಲ್ಲಿದ್ದರು. ಅವರನ್ನು ಕಾಣಲು ಹೋದಾಗ ಜೋತಿರಾಯರು ಅಲ್ಲಿನ ಅಮೆರಿಕನ್ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಯನ್ನು ನೋಡಿದರು. ಅದನ್ನು ನಡೆಸುತ್ತಿದ್ದವರು ಸಿಂಥಿಯಾ ಫರಾರ್ ಎಂಬ ಅವಿವಾಹಿತ ಮಹಿಳೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಿಂದ ಆಕೆ ಮುಂಬಯಿಗೆ ಬಂದಿಳಿದದ್ದು 1827ರಲ್ಲಿ, ಅಂದರೆ ಜೋತಿರಾಯರು ಹುಟ್ಟಿದ ವರ್ಷವೇ; 1862ರಲ್ಲಿ ಮರಣಿಸಿದ್ದೂ ಅಹಮದ್‌ನಗರದಲ್ಲಿಯೇ. ಹೆಣ್ಣುಮಕ್ಕಳು ಸಾಲಾಗಿ ಕುಳಿತು ಓದುವುದನ್ನು ಕಣ್ಣಾರೆ ಕಂಡು ಪುಣೆಗೆ ಮರಳಿದ ಜೋತಿರಾಯರು ಅದೇ 1848ರಲ್ಲಿ ಬುಧವಾರ ಪೇಠದ ಭಿಡೆ ವಾಡೆಯಲ್ಲಿ ಬಾಲಕಿಯರ ಶಾಲೆಯನ್ನು ತೆರೆದರು. ಜಾಗ ಕೊಟ್ಟವರು ತಾತ್ಯಾಸಾಹೇಬ ಭಿಡೆ. ಜೊತೆ ನಿಂತವರಲ್ಲಿ ಗೋವಂಡೆ, ವಾಳವೇಕರ, ಪರಾಂಜಪೆ ಮೊದಲಾದ ಬ್ರಾಹ್ಮಣ ಮಿತ್ರರೂ ಇದ್ದರು. ಫುಲೆಯವರನ್ನು ಒಂದು ಜಾತಿಯ ವೈರಿಯೆಂದು ಮಾತ್ರ ಚಿತ್ರಿಸುವವರು ಈ ಹೆಸರುಗಳನ್ನು ಏಕೆ ಮರೆಯುತ್ತಾರೋ ತಿಳಿಯದು.

ಶಾಲೆಗೆ ಶಿಕ್ಷಕಿ ಬೇಕಿತ್ತು. ಮನೆಯಲ್ಲಿಯೇ ಪತ್ನಿಗೆ ಅಕ್ಷರ ಕಲಿಸಿ ಜೋತಿರಾಯರು ಆ ಕೊರತೆಯನ್ನು ತುಂಬಿದರು. ಸಾವಿತ್ರಿಬಾಯಿಯವರು ಶಾಲೆಗೆ ಹೋಗುವ ದಾರಿಯಲ್ಲಿ ಜನ ಕೆಸರು, ಸಗಣಿ ಎರಚುತ್ತಿದ್ದುದೂ, ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ದು ಶಾಲೆಯಲ್ಲಿ ಬದಲಿಸಿಕೊಳ್ಳುತ್ತಿದ್ದುದೂ ಸುಪ್ರಸಿದ್ಧ ಸಂಗತಿ. ಸಮಾಜದ ಒತ್ತಡಕ್ಕೆ ಮಣಿದ ತಂದೆ ಗೋವಿಂದರಾಯರು 1849ರಲ್ಲಿ ಮಗ ಸೊಸೆಯರನ್ನು ಮನೆಯಿಂದ ಹೊರಗೆ ಕಳಿಸಿದಾಗ ಆಶ್ರಯವಿತ್ತವರು ಉಸ್ಮಾನ್ ಶೇಖ್. ಅವರ ತಂಗಿ ಫಾತಿಮಾ ಶೇಖ್ ಸಾವಿತ್ರಿಬಾಯಿಯವರೊಡನೆ ಪಾಠ ಹೇಳಿದರು. ಕೆಲಕಾಲ ನಿಂತಿದ್ದ ಕಾರ್ಯ 1851ರ ಜುಲೈನಲ್ಲಿ ಚಿಪಳೂಣಕರ ವಾಡೆಯಲ್ಲಿ ಮತ್ತೆ ಆರಂಭವಾಯಿತು. ಬಳಿಕ ರಾಸ್ತಾ ಪೇಠ, ವೇತಾಳ ಪೇಠಗಳಲ್ಲೂ ಶಾಲೆಗಳಾದವು. 1852ರಲ್ಲಿ ಮಹಾರ್, ಮಾಂಗ್ ಮಕ್ಕಳಿಗೆ ಶಾಲೆ ತೆರೆಯಿತು. 1853ರ ಫೆಬ್ರವರಿಯಲ್ಲಿ ಬಾಲಕಿಯರ ಬಹಿರಂಗ ಪರೀಕ್ಷೆ ನಡೆದಾಗ ನೋಡಲು ಸಾವಿರಾರು ಜನ ನೆರೆದಿದ್ದರು. ಪಂಡಿತರಿಗಾಗಿ ಮೀಸಲಾಗಿದ್ದ ದಕ್ಷಿಣಾ ನಿಧಿಯಿಂದ ಈ ಶಾಲೆಗಳಿಗೂ ಒಂದಿಷ್ಟು ಮಾಸಿಕ ಸಹಾಯಧನ ದೊರೆಯಿತು. ಹಣದ ಹರಿವು ಹೀಗೆ ತಿರುಗಿದ್ದನ್ನು ಕಂಡು ಊರಿನ ಸಂಪ್ರದಾಯಸ್ಥರಿಗೆ ಎಷ್ಟು ಕಸಿವಿಸಿಯಾಗಿರಬೇಕೆಂದು ನಾವು ಊಹಿಸಬಹುದು.

ಇದೇ ವರ್ಷಗಳಲ್ಲಿ ಅಮೆರಿಕದಲ್ಲಿ ಏನಾಗುತ್ತಿತ್ತೆಂಬುದನ್ನು ಪಕ್ಕದಲ್ಲಿಟ್ಟು ನೋಡುವುದು ಉಚಿತ. ದಕ್ಷಿಣದ ಅನೇಕ ಸಂಸ್ಥಾನಗಳಲ್ಲಿ ಗುಲಾಮರಿಗೆ ಓದು ಕಲಿಸುವುದು ಅಪರಾಧವಾಗಿತ್ತು. ವರ್ಜೀನಿಯಾದಲ್ಲಿ 1831ರ ಕಾನೂನು ಸ್ವತಂತ್ರರಾದ ಕಪ್ಪು ಜನರೂ ಓದುಬರಹಕ್ಕಾಗಿ ಸೇರುವುದನ್ನು ನಿಷೇಧಿಸಿತ್ತು. ಅಲ್ಲಿನ ನಾರ್ಫೋಕ್ ಪಟ್ಟಣದಲ್ಲಿ ಮಾರ್ಗರೆಟ್ ಡಗ್ಲಸ್ ಎಂಬ ಬಿಳಿಯ ಮಹಿಳೆ ತನ್ನ ಮನೆಯಲ್ಲಿ, ಮಗಳ ನೆರವಿನಿಂದ, ಸ್ವತಂತ್ರ ಕಪ್ಪು ಕುಟುಂಬಗಳ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸಿದಳು. ಆ ಅಪರಾಧಕ್ಕಾಗಿ 1854ರಲ್ಲಿ ಒಂದು ತಿಂಗಳು ಸೆರೆಮನೆಯಲ್ಲಿದ್ದಳು. ಪುಣೆಯಲ್ಲಿ ಸಾವಿತ್ರಿಬಾಯಿಯವರ ಮೇಲೆ ಸಗಣಿ ಬೀಳುತ್ತಿದ್ದ ಕಾಲವೇ ಅದು. ದಾಸ್ಯದಿಂದ ತಪ್ಪಿಸಿಕೊಂಡು ಮಹಾ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದ್ದ. ಬಾಲ್ಟಿಮೋರಿನ ಯಜಮಾನಿತಿ ತನಗೆ ಅಕ್ಷರಮಾಲೆ ಕಲಿಸಲು ತೊಡಗಿದುದನ್ನೂ, ಓದು ಬಂದ ಗುಲಾಮ ಗುಲಾಮನಾಗಿ ಉಳಿಯಲಾರನೆಂದು ಅವಳ ಗಂಡ ತಡೆದುದನ್ನೂ ಅದರಲ್ಲಿ ವಿವರಿಸಿದ್ದಾನೆ. ವೇದಶಬ್ದ ಕಿವಿಗೆ ಬೀಳಬಾರದೆಂಬ ನಮ್ಮ ಸ್ಮೃತಿಗಳ ಕಟ್ಟಳೆಗೂ ಬಾಲ್ಟಿಮೋರಿನ ಯಜಮಾನನ ಭಯಕ್ಕೂ ಮೂಲ ಒಂದೇ ಎಂಬುದು ಎರಡನ್ನೂ ಓದಿದವರಿಗೆ ಹೊಳೆಯದಿರದು.

ಗುಲಾಮಗಿರಿ ಎಂಬುದು ಸಾಗರದಾಚೆಯ ಪಿಡುಗು ಮಾತ್ರವಾಗಿರಲಿಲ್ಲ. ಪೇಶ್ವೆಯರ ಪುಣೆಯಲ್ಲಿ ದಾಸಿಯರ ಕ್ರಯವಿಕ್ರಯ ನಡೆಯುತ್ತಿತ್ತು. ಆ ಕಾಲದ ಕಡತಗಳಲ್ಲಿ ಅದಕ್ಕೆ ದಾಖಲೆಯಿದೆ. ಹಿಂದೂಸ್ಥಾನದಲ್ಲಿ ದಾಸ್ಯಕ್ಕೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರ ಐದನೆಯ ಅಧಿನಿಯಮದಿಂದ. ಆಗ ಜೋತಿರಾಯರಿಗೆ ಹದಿನಾರು ವರ್ಷ. ಅಸ್ಪೃಶ್ಯರ ಸ್ಥಿತಿಯಂತೂ ಯಾವ ಕ್ರಯಪತ್ರವೂ ಇಲ್ಲದ ದಾಸ್ಯವಾಗಿತ್ತು.

ಈ ಸ್ಥಿತಿಯನ್ನು ಬರೆದಿಟ್ಟವರಲ್ಲಿ ಒಬ್ಬಳು ಬಾಲಕಿ ಇದ್ದಾಳೆ. ಮುಕ್ತಾ ಸಾಳ್ವೆ, ಮಾಂಗ್ ಜಾತಿಯವಳು, ಫುಲೆಯವರ ಶಾಲೆಯ ವಿದ್ಯಾರ್ಥಿನಿ. ಮಹಾರ್ ಮತ್ತು ಮಾಂಗ್ ಜನರ ದುಃಖವನ್ನು ಕುರಿತು ಅವಳು ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆಯನ್ನು 1842ರಲ್ಲಿ ಅಹಮದ್‌ನಗರದಲ್ಲಿ ಆರಂಭಿಸಿದ್ದೂ ಅಮೆರಿಕನ್ ಮಿಷನ್ನೇ. ತನ್ನ ಜನರಿಗೆ ಧರ್ಮಗ್ರಂಥವನ್ನು ಓದುವ ಹಕ್ಕಿಲ್ಲದಿದ್ದರೆ ಆ ಧರ್ಮ ತಮ್ಮದೆಂದು ಹೇಳಿಕೊಳ್ಳುವುದು ಹೇಗೆಂದು ಅವಳು ಕೇಳಿದಳು. ತನ್ನ ಜನರ ಭೂಮಿ ಹೋದದ್ದು, ಹೆರಿಗೆಯ ಹೊತ್ತಿನಲ್ಲಿ ಅವರ ಹೆಂಗಸರಿಗೆ ಮನೆಯ ಮೇಲೆ ಮಾಡೂ ಇಲ್ಲದಿದ್ದುದು ಎಲ್ಲವನ್ನೂ ವಿವರಿಸಿದಳು. ಫುಲೆ ದಂಪತಿಗಳ ಶಿಕ್ಷಣದ ಪರಿ ಎಂಥದಿತ್ತೆಂದು ತಿಳಿಯಲು ನಮಗೆ ಈ ಪ್ರಬಂಧಕ್ಕಿಂತ ಉತ್ತಮ ಸಾಕ್ಷ್ಯ ಬೇರೆ ಕಾಣದು. ಮೂರು ವರ್ಷ ಶಾಲೆ ಕಂಡ ಬಾಲಕಿ ಶ್ಲೋಕ ಒಪ್ಪಿಸಲಿಲ್ಲ. ತನ್ನವರ ಇತಿಹಾಸ ಬರೆದಳು. ಮಕ್ಕಳಿಗೆ ಕಹಿ ಇತಿಹಾಸವನ್ನು ಹೇಳಬಾರದು, ಅವರ ಎಳೆಯ ಮನಸ್ಸು ಕೆಡುತ್ತದೆ ಎಂದು ಇಂದಿಗೂ ವಾದಿಸುವವರುಂಟು. ಮುಕ್ತಾಳ ವಿಷಯದಲ್ಲಿ ಆ ವಾದಕ್ಕೆ ಅರ್ಥವೇ ಇಲ್ಲ. ಅವಳಿಗೆ ಆ ಇತಿಹಾಸ ಶಾಲೆಗೆ ಬರುವ ಮೊದಲೇ ಗೊತ್ತಿತ್ತು. ಶಾಲೆ ಕೊಟ್ಟದ್ದು ಅದನ್ನು ಹೇಳುವ ಭಾಷೆಯನ್ನು.

1855ರಲ್ಲಿ ದಂಪತಿಗಳು ದುಡಿಯುವವರಿಗಾಗಿ ರಾತ್ರಿಶಾಲೆ ತೆರೆದರು. ಮರುವರ್ಷ ಫುಲೆಯವರನ್ನು ಕೊಲ್ಲಲು ಇಬ್ಬರನ್ನು ಯಾರೋ ಕಳಿಸಿದರು. ಕೊಲ್ಲಲು ಬಂದವರು ಅವರ ಮಾತು ಕೇಳಿ ಕಾಲಿಗೆರಗಿದರು. ಅವರಲ್ಲಿ ಒಬ್ಬನಾದ ಧೋಂಡಿರಾಮ ಕುಂಬಾರ ಓದು ಕಲಿತು ಮುಂದೆ ಫುಲೆಯವರ ಸಂಘಟನೆಯ ಪಂಡಿತನೆನಿಸಿದ. 1863ರಲ್ಲಿ ಫುಲೆ ದಂಪತಿಗಳು ಶಿಶುಹತ್ಯೆ ತಡೆಯಲು ಗೃಹವೊಂದನ್ನು ಆರಂಭಿಸಿದರು. ಬಸುರಾದ ವಿಧವೆಯರು, ಹೆಚ್ಚಿನವರು ಬ್ರಾಹ್ಮಣರೇ, ಅಲ್ಲಿಗೆ ಗುಪ್ತವಾಗಿ ಬಂದು ಹೆರಿಗೆಯಾಗಿ ಹೋಗಬಹುದಿತ್ತು. ಮಕ್ಕಳಿಲ್ಲದ ದಂಪತಿಗಳು 1874ರಲ್ಲಿ ಅಂಥ ಒಬ್ಬ ಬ್ರಾಹ್ಮಣ ವಿಧವೆಯ ಮಗನನ್ನು ದತ್ತು ಪಡೆದರು. ಅವನೇ ಯಶವಂತ, ಮುಂದೆ ವೈದ್ಯನಾದ.

ಹೊಟ್ಟೆಪಾಡಿಗೆ ಫುಲೆಯವರು ಗುತ್ತಿಗೆದಾರರು. ಖಡಕವಾಸ್ಲಾ ಅಣೆಕಟ್ಟಿಗೆ ಕಲ್ಲು ಒದಗಿಸಿದವರಲ್ಲಿ ಅವರೂ ಒಬ್ಬರು. ಇಂದು ನಮ್ಮ ಮನೆಗಳ ನಲ್ಲಿಗೆ ಬರುವ ನೀರಿನ ಹಿಂದೆ ಅವರ ಬೆವರೂ ಇದೆ. ನೀರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಪೇಶ್ವೆ ಕಾಲದಲ್ಲಿ ಕಾತ್ರಜ್ ಕೆರೆಯ ನೀರು ನೆಲದೊಳಗಿನ ಕಲ್ಲಿನ ಕಾಲುವೆಗಳಲ್ಲಿ ಹರಿದು ಪೇಠಗಳ ತೊಟ್ಟಿಗಳನ್ನು ತುಂಬುತ್ತಿತ್ತು; ಸದಾಶಿವ ಪೇಠದಲ್ಲೂ ಅಂಥ ತೊಟ್ಟಿ ಇತ್ತು. ಊರಿನ ನೀರನ್ನು ಮುಟ್ಟುವ ಅಧಿಕಾರ ಅಸ್ಪೃಶ್ಯರಿಗಿರಲಿಲ್ಲ. ತಂದೆ ತೀರಿಕೊಂಡ ವರ್ಷ, 1868ರಲ್ಲಿ, ಫುಲೆಯವರು ಗಂಜ್ ಪೇಠದ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅವರಿಗೆ ತೆರೆದರು. ಬೇಸಿಗೆಯಲ್ಲಿ ಕೊಡ ಹಿಡಿದು ಮೇಲ್ಜಾತಿಯವರ ದಯೆಗಾಗಿ ಕಾಯುತ್ತಿದ್ದ ಹೆಂಗಸರು ನೇರವಾಗಿ ಬಂದು ನೀರು ತುಂಬಿಕೊಂಡರು. ಅಮೆರಿಕದ ದಕ್ಷಿಣದಲ್ಲಿ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಕುಡಿಯುವ ನೀರಿನ ನಲ್ಲಿ ಇಟ್ಟಿದ್ದ ಚಿತ್ರಗಳನ್ನು ನಮ್ಮ ಮೊಮ್ಮಕ್ಕಳು ಪುಸ್ತಕದಲ್ಲಿ ನೋಡಿರುತ್ತಾರೆ. ಐದು ವರ್ಷದ ಮಗುವಿಗೂ ಅರ್ಥವಾಗುವ ಅನ್ಯಾಯವೆಂದರೆ ಬಾಯಾರಿದವನಿಗೆ ನೀರು ಕೊಡದಿರುವುದು. ಹೇಳುವುದಿದ್ದರೆ ಅಲ್ಲಿಂದ ಆರಂಭಿಸಬಹುದು.

ಈಗ ‘ಗುಲಾಮಗಿರಿ’ಯ ವಿಚಾರ. 1873ರ ಜೂನ್ ತಿಂಗಳ ಈ ಗ್ರಂಥ ಮರಾಠಿಯಲ್ಲಿದ್ದರೂ ಅದಕ್ಕೆ ಅವರು ಇಂಗ್ಲಿಷಿನಲ್ಲೊಂದು ಮುನ್ನುಡಿ ಸೇರಿಸಿದರು. ಪುಸ್ತಕದ ರೂಪ ಸಂವಾದ: ಧೋಂಡಿಬಾ ಕೇಳುತ್ತಾನೆ, ಜೋತಿಬಾ ಉತ್ತರಿಸುತ್ತಾನೆ. ಎರಡು ದಶಕ ಮಕ್ಕಳ ಮುಂದೆ ನಿಂತವರಿಗೆ ಪ್ರಶ್ನೋತ್ತರವೇ ಸಹಜ ರೂಪವಾಗಿ ತೋಚಿದ್ದರಲ್ಲಿ ಆಶ್ಚರ್ಯವಿಲ್ಲ. ದಶಾವತಾರದ ಕಥೆಗಳನ್ನು ಅವರು ತಲೆಕೆಳಗು ಮಾಡಿ ಓದಿದರು. ವಾಮನನ ಪಾದದಡಿ ಸಿಕ್ಕ ಬಲಿಚಕ್ರವರ್ತಿಯೇ ಅವರ ನಾಯಕ. ದೀಪಾವಳಿಯ ಪಾಡ್ಯದಂದು ಬಲೀಂದ್ರನನ್ನು ಕರೆದು ಪೂಜಿಸುವ ತುಳುನಾಡಿನ, ಮಲೆನಾಡಿನ ಮನೆಗಳಿಂದ ಬಂದ ನಮ್ಮವರಿಗೆ ಇದು ಅಷ್ಟೇನೂ ಅಪರಿಚಿತವೆನಿಸದು. ಅರ್ಪಣೆಯಲ್ಲಿ ಅವರು ಅಮೆರಿಕದ ಜನರ ನಿಃಸ್ವಾರ್ಥ ಯತ್ನವನ್ನು ಕೊಂಡಾಡಿ, ತಮ್ಮ ದೇಶಬಾಂಧವರೂ ಶೂದ್ರಾತಿಶೂದ್ರರ ಬಿಡುಗಡೆಗಾಗಿ ಆ ಮೇಲ್ಪಂಕ್ತಿಯನ್ನು ಅನುಸರಿಸಲಿ ಎಂಬ ಆಶಯವನ್ನು ವ್ಯಕ್ತಪಡಿಸಿದರು. ಗುಲಾಮರ ಬಿಡುಗಡೆಯಿಂದ ಎಲ್ಲರಿಗಿಂತ ಹೆಚ್ಚು ಸಂತೋಷ ಶೂದ್ರರಿಗೇ ಆಗತಕ್ಕದ್ದು, ಏಕೆಂದರೆ ದಾಸ್ಯವೇನೆಂದು ಅವರು ಅನುಭವದಿಂದ ಬಲ್ಲರು ಎಂಬುದು ಅವರ ತರ್ಕದ ಸಾರ.

ವಿಮರ್ಶೆಯ ಮಾತೂ ಇಲ್ಲಿ ಅಗತ್ಯ. ಆರ್ಯರ ಆಕ್ರಮಣವನ್ನು ಆಧರಿಸಿ ಫುಲೆಯವರು ಕಟ್ಟಿದ ಇತಿಹಾಸವನ್ನು ಇಂದಿನ ವಿದ್ವಾಂಸರು ಅಕ್ಷರಶಃ ಒಪ್ಪುವುದಿಲ್ಲ. ಅಮೆರಿಕವನ್ನೂ ಅವರು ದೂರದಿಂದ ಕಂಡರು. ದೂರದ ಬೆಟ್ಟ ನುಣ್ಣಗೆ. 1865ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ದಾಸ್ಯ ರದ್ದಾಯಿತೆಂಬುದು ನಿಜ. ಆದರೆ ಫುಲೆಯವರ ಗ್ರಂಥ ಹೊರಬರುವ ಕೆಲವೇ ವಾರಗಳ ಮೊದಲು, 1873ರ ಏಪ್ರಿಲ್ 13ರಂದು, ಲೂಸಿಯಾನದ ಕೋಲ್ಫ್ಯಾಕ್ಸ್ ಎಂಬಲ್ಲಿ ಹೊಸದಾಗಿ ಮತದಾನದ ಹಕ್ಕು ಪಡೆದ ಕಪ್ಪು ಜನರ ಹತ್ಯಾಕಾಂಡ ನಡೆದಿತ್ತು. 1877ರ ನಂತರ ದಕ್ಷಿಣದ ಸಂಸ್ಥಾನಗಳು ಶಾಲೆ, ರೈಲು, ನೀರು ಎಲ್ಲವನ್ನೂ ಬಣ್ಣದ ಮೇಲೆ ಬೇರ್ಪಡಿಸಿದವು. ಆರು ವರ್ಷದ ರೂಬಿ ಬ್ರಿಜಸ್ ಎಂಬ ಕಪ್ಪು ಬಾಲಕಿ ನ್ಯೂ ಆರ್ಲಿಯನ್ಸಿನ ಬಿಳಿಯರ ಶಾಲೆಗೆ ಫೆಡರಲ್ ಅಧಿಕಾರಿಗಳ ಕಾವಲಿನಲ್ಲಿ ಕಾಲಿಟ್ಟದ್ದು 1960ರಲ್ಲಿ. ಬೀದಿಯಲ್ಲಿ ನಿಂತ ಗುಂಪು ಅವಳನ್ನು ಬೈಯುತ್ತಿತ್ತು. ಇದನ್ನೆಲ್ಲ ತಿಳಿದಿದ್ದರೆ ಫುಲೆಯವರು ಅರ್ಪಣೆಯನ್ನು ಬದಲಿಸುತ್ತಿದ್ದರೇ? ನಮಗೆ ಹಾಗೆನಿಸುವುದಿಲ್ಲ. ಅವರು ಅರ್ಪಿಸಿದ್ದು ಆ ದೇಶದ ಸರ್ಕಾರಕ್ಕಲ್ಲ. ಪರರ ಬಿಡುಗಡೆಗಾಗಿ ತಮ್ಮದನ್ನು ಕಳೆದುಕೊಂಡ ವ್ಯಕ್ತಿಗಳಿಗೆ.

ಅಮೆರಿಕದವರೆಗೆ ಹೋಗುವ ನಾವು ನಮ್ಮ ಹಿತ್ತಲನ್ನು ಮರೆಯಬಾರದು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ವಂಶಸ್ಥರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ ಶತಮಾನಗಳಿಂದ ಬಾಳುತ್ತಿದ್ದಾರೆ. ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಬಂದವರು ಅವರಲ್ಲಿ ಅನೇಕರು. ಸಿದ್ದಿ ಜನಾಂಗಕ್ಕೆ ಅಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಆ ಸಮುದಾಯದ ಶಾಂತಾರಾಮ ಸಿದ್ದಿಯವರು 2020ರಲ್ಲಿ ಕರ್ನಾಟಕ ವಿಧಾನ ಪರಿಷತ್ತಿನ ಸದಸ್ಯರಾದರು. ಮಹಾರಾಷ್ಟ್ರದ ಇತಿಹಾಸದಲ್ಲೂ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ನಿಜಾಮಶಾಹಿಯ ಸೂತ್ರಧಾರನಾದ ಮಲಿಕ್ ಅಂಬರ್ ಇದ್ದಾನೆ. 1624ರ ಭಾತವಡಿಯ ಯುದ್ಧದಲ್ಲಿ ಶಿವಾಜಿ ಮಹಾರಾಜರ ತಂದೆ ಶಹಾಜಿರಾಜರು ಹೋರಾಡಿದ್ದು ಅವನ ಪಕ್ಷದಲ್ಲಿ. ಇನ್ನು ವಧೂವರರ ಅನ್ವೇಷಣೆಯಲ್ಲಿ ಗೌರವರ್ಣದ ಬೇಡಿಕೆ, ಕಪ್ಪು ಮಗುವಿಗೆ ಮನೆಯವರೇ ಇಡುವ ಅಡ್ಡಹೆಸರು, ಇವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಜನಾಂಗಭೇದದ ಪಾಠ ಕಲಿತ ಮೊಮ್ಮಗಳು ಬೇಸಿಗೆಯ ರಜೆಗೆ ಇಲ್ಲಿಗೆ ಬಂದಾಗ ಈ ಮಾತುಗಳನ್ನು ಕೇಳಿಸಿಕೊಳ್ಳುತ್ತಾಳೆ.

ಅದೇ 1873ರ ಸೆಪ್ಟೆಂಬರ್ 24ರಂದು ಫುಲೆಯವರು ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದರು. ಪುರೋಹಿತರಿಲ್ಲದ ಸರಳ ವಿವಾಹಗಳು, ಬಡ ವಿದ್ಯಾರ್ಥಿಗಳಿಗೆ ನೆರವು ಅದರ ಕಾರ್ಯಗಳು. ಅದಕ್ಕೆ ಬೆನ್ನೆಲುಬಾಗಿ ನಿಂತವರಲ್ಲಿ ಪುಣೆ, ಮುಂಬಯಿಗಳಲ್ಲಿ ನೆಲೆಸಿದ್ದ ತೆಲುಗು ಮೂಲದ ಗುತ್ತಿಗೆದಾರರೂ ಇದ್ದರು. ದಕ್ಷಿಣದಿಂದ ವಲಸೆ ಬಂದವರು ಈ ಊರಿನ ಒಳಿತಿಗೆ ಹೆಗಲುಕೊಟ್ಟದ್ದು ನಮ್ಮ ಕಾಲದಲ್ಲಿ ಮಾತ್ರವಲ್ಲ ಎಂಬುದು ಸಂತೋಷದ ಸಂಗತಿ. 1876ರಿಂದ ಕೆಲವು ವರ್ಷ ಅವರು ಪುಣೆ ನಗರಸಭೆಯ ಸದಸ್ಯರಾಗಿಯೂ ಇದ್ದರು. 1882ರಲ್ಲಿ ಕೊಲ್ಹಾಪುರ ಪ್ರಕರಣದಲ್ಲಿ ತಿಲಕ, ಅಗರಕರರು ಬಂಧಿತರಾದಾಗ ತಮ್ಮ ಮಿತ್ರ ರಾಮಶೇಠ ಉರವಣೆಯವರಿಂದ ಜಾಮೀನು ಕೊಡಿಸಿದ್ದು ಫುಲೆಯವರೇ.

ಅದೇ ವರ್ಷದ ಅಕ್ಟೋಬರ್ 19ರಂದು ಹಂಟರ್ ಶಿಕ್ಷಣ ಆಯೋಗಕ್ಕೆ ಅವರು ಸಲ್ಲಿಸಿದ ಮನವಿ ನಮ್ಮ ದೃಷ್ಟಿಯಲ್ಲಿ ಅವರ ಅತ್ಯಂತ ಪ್ರಬುದ್ಧ ಬರಹ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬಾಳು ಕಳೆದ ನಮಗೆ ಅದರ ಜಮಾಖರ್ಚಿನ ವಾದ ಬಹಳ ಹಿಡಿಸುತ್ತದೆ. ಸರ್ಕಾರದ ಆದಾಯ ಬರುವುದು ರೈತನ ಬೆವರಿನಿಂದ. ಅದು ವೆಚ್ಚವಾಗುವುದು ಮೇಲ್ವರ್ಗದವರ ಉನ್ನತ ವ್ಯಾಸಂಗಕ್ಕೆ. ಆದ್ದರಿಂದ ಕನಿಷ್ಠ ಹನ್ನೆರಡು ವರ್ಷದವರೆಗಾದರೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕು, ಶಿಕ್ಷಕರು ಸಾಧ್ಯವಾದಷ್ಟು ರೈತಾಪಿ ವರ್ಗದವರಾಗಿರಬೇಕು, ಅವರಿಗೆ ಒಳ್ಳೆಯ ಸಂಬಳವಿರಬೇಕು ಎಂದು ಅವರು ಕೇಳಿದರು. ಮಕ್ಕಳಿಗೆ ಮೋಡಿ ಮತ್ತು ಬಾಳಬೋಧ ಲಿಪಿ, ಲೆಕ್ಕ, ಸಾಮಾನ್ಯ ಇತಿಹಾಸ, ಭೂಗೋಳ, ವ್ಯಾಕರಣ, ಕೃಷಿಯ ಪ್ರಾಥಮಿಕ ಜ್ಞಾನ, ಇವುಗಳ ಜೊತೆ ನಡತೆ ಮತ್ತು ಆರೋಗ್ಯದ ಕೆಲವು ಪಾಠಗಳಿರಲಿ ಎಂದರು. ಈಗಿನ ಶಾಲೆಗಳಲ್ಲಿ ಮಕ್ಕಳನ್ನು ಕಣ್ಣುಮುಚ್ಚಿ ಕೂರಿಸಿ ಉಸಿರಿನ ಮೇಲೆ ಗಮನವಿಡಲು ಕಲಿಸುತ್ತಾರೆ. ಒಳ್ಳೆಯದೇ. 1882ರ ಪಟ್ಟಿಯಲ್ಲಿ ಅಂಥದೇನೂ ಇಲ್ಲವಾದರೂ ಮಗುವಿನ ಮನಸ್ಸು, ದೇಹ, ಬುದ್ಧಿ ಮೂರನ್ನೂ ಒಂದೇ ತರಗತಿಯಲ್ಲಿ ಸೇರಿಸಿದ ಚಿಂತನೆ ಅದರಲ್ಲಿದೆ. ಆಯೋಗ ಅವರ ಬೇಡಿಕೆಗಳನ್ನು ಹೆಚ್ಚಾಗಿ ಬದಿಗಿರಿಸಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕಾಗಿ ಭಾರತದಲ್ಲಿ ಜಾರಿಗೆ ಬಂದದ್ದು 2010ರಲ್ಲಿ.

1883ರ ‘ಶೇತಕರ್‍ಯಾಚಾ ಆಸೂಡ’ ರೈತನ ಬವಣೆಯ ಗ್ರಂಥ. 1888ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ರಾಜಕುಮಾರ ಡ್ಯೂಕ್ ಆಫ್ ಕನಾಟ್ ಪಾಲ್ಗೊಂಡಿದ್ದ ಔತಣಕ್ಕೆ ಫುಲೆಯವರು ರೈತನ ಉಡುಪಿನಲ್ಲಿಯೇ ಹೋಗಿ, ಅಲ್ಲಿ ನೆರೆದ ಶ್ರೀಮಂತರು ಈ ದೇಶದ ಪ್ರತಿನಿಧಿಗಳಲ್ಲವೆಂದು ತಿಳಿಸಿದರು. ಅದೇ ಮೇ 11ರಂದು ಮುಂಬಯಿಯ ಜನ ಅವರಿಗೆ ಮಹಾತ್ಮಾ ಎಂಬ ಪದವಿಯನ್ನಿತ್ತರು. ಎರಡೇ ತಿಂಗಳಲ್ಲಿ ಪಾರ್ಶ್ವವಾಯು ಬಡಿದು ಬಲಗೈ ನಿಷ್ಕ್ರಿಯವಾಯಿತು. ಎಡಗೈಯಲ್ಲಿ ಬರೆಯುವುದನ್ನು ಅಭ್ಯಾಸಮಾಡಿಕೊಂಡು ಅವರು ಕೊನೆಯ ಗ್ರಂಥ ‘ಸಾರ್ವಜನಿಕ ಸತ್ಯಧರ್ಮ ಪುಸ್ತಕ’ವನ್ನು ಮುಗಿಸಿದರು, ಅದು 1891ರಲ್ಲಿ, ಅವರ ಮರಣಾನಂತರ ಪ್ರಕಟವಾಯಿತು. ಅದರಲ್ಲೊಂದು ಕುಟುಂಬದ ಕಲ್ಪನೆಯಿದೆ. ಒಂದೇ ಮನೆಯಲ್ಲಿ ಗಂಡ, ಹೆಂಡತಿ, ಮಗಳು, ಮಗ ತಮಗೆ ಸರಿತೋರಿದ ಬೇರೆ ಬೇರೆ ಧರ್ಮಗ್ರಂಥಗಳನ್ನು ಓದಿ ಬೌದ್ಧ, ಕ್ರೈಸ್ತ, ಇಸ್ಲಾಂ, ಸತ್ಯಧರ್ಮಗಳನ್ನು ಅನುಸರಿಸಬಹುದು, ಆದರೂ ಪರಸ್ಪರ ದ್ವೇಷಿಸದೆ ಒಟ್ಟಿಗೆ ಬಾಳಬೇಕು ಎಂಬುದು ಆ ಚಿತ್ರ. ಇಂದಿಗೂ ನಮ್ಮ ಮನೆಗಳಲ್ಲಿ ಹೊರಜಾತಿಯ ಸೊಸೆ ಬರುವಳೆಂದರೆ ಎಷ್ಟು ಸಭೆಗಳಾಗುತ್ತವೆಂದು ನೆನೆದರೆ ಆ ಮುದುಕರು ಎಡಗೈಯಲ್ಲಿ ಬರೆದ ಧೈರ್ಯ ತಿಳಿಯುತ್ತದೆ.

1890ರ ನವೆಂಬರ್ 28ರಂದು ಜೋತಿರಾಯರು ನಿಧನರಾದರು. ಯಶವಂತ ದತ್ತುಪುತ್ರನೆಂಬ ಕಾರಣಕ್ಕೆ ಅಂತ್ಯಯಾತ್ರೆಯಲ್ಲಿ ಅಗ್ನಿಪಾತ್ರೆ ಹಿಡಿಯುವ ಹಕ್ಕು ತಮ್ಮದೆಂದು ಬಂಧುಗಳು ತಕರಾರು ತೆಗೆದರು. ಸಾವಿತ್ರಿಬಾಯಿಯವರು ಮಾತಿಲ್ಲದೆ ಮುಂದೆ ಬಂದು ತಾವೇ ಅದನ್ನು ಹಿಡಿದು ನಡೆದರು. 1897ರ ಪ್ಲೇಗಿನಲ್ಲಿ, ಮುಂಢವೆಯ ಬಳಿಯ ಒಬ್ಬ ಅಸ್ಪೃಶ್ಯ ಬಾಲಕನನ್ನು ಬೆನ್ನ ಮೇಲೆ ಹೊತ್ತು ಮಗನ ಚಿಕಿತ್ಸಾಲಯಕ್ಕೆ ತಂದು, ತಾವೂ ಸೋಂಕಿಗೆ ಗುರಿಯಾಗಿ ಅವರು ಮಾರ್ಚ್ 10ರಂದು ತೀರಿಕೊಂಡರು.

ಸತ್ಯಶೋಧಕ ಚಿಂತನೆ ಮುಂದೆ ಕೊಲ್ಹಾಪುರದ ಶಾಹು ಮಹಾರಾಜರ ಮೂಲಕ ನಮ್ಮ ನಿಪ್ಪಾಣಿ, ಬೆಳಗಾವಿಗಳ ಕಡೆಗೂ ಹರಡಿತು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ವಸತಿಗೃಹದಲ್ಲಿರಿಸಿ ಓದಿಸಿದ ಕರ್ಮವೀರ ಭಾವೂರಾವ್ ಪಾಟೀಲರು ಇದೇ ಪರಂಪರೆಯವರು. ಅವರ ಜೈನ ಮನೆತನದ ಮೂಲ ನಮ್ಮ ಮೂಡಬಿದಿರೆ ಎನ್ನುತ್ತಾರೆ. ಡಾ. ಅಂಬೇಡ್ಕರರು 1946ರಲ್ಲಿ ಪ್ರಕಟಿಸಿದ, ಶೂದ್ರರ ಮೂಲವನ್ನು ಕುರಿತ ಗ್ರಂಥವನ್ನು ಫುಲೆಯವರಿಗೆ ಅರ್ಪಿಸಿದರು. ಅದೇ ವರ್ಷ ಅವರು ಅಮೆರಿಕದ ಕಪ್ಪು ಜನರ ಹಿರಿಯ ಚಿಂತಕ ಡುಬೊಯ್ಸ್‌ರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಲ್ಲಿನ ಕಪ್ಪು ಜನರು ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು, ಡುಬೊಯ್ಸ್ ಉತ್ತರಿಸಿದರು. 1873ರಲ್ಲಿ ಪುಣೆಯಿಂದ ಒಂದು ಕಡೆಯಿಂದ ಮಾತ್ರ ಹೋಗಿದ್ದ ಮಾತಿಗೆ ಹೀಗೆ ಪ್ರತಿಮಾತು ಬಂದಿತು.

ಭಿಡೆ ವಾಡೆ ಶಿಥಿಲಗೊಂಡು 2023ರ ಡಿಸೆಂಬರ್‌ನಲ್ಲಿ ನೆಲಸಮವಾಯಿತು. ಆ ಜಾಗವನ್ನು ರಾಷ್ಟ್ರೀಯ ಸ್ಮಾರಕಕ್ಕೆ ಮೀಸಲಿಡಲಾಗಿದೆ. ವಿಶ್ರಾಮಬಾಗ್ ವಾಡೆ ಇದ್ದಲ್ಲಿಯೇ ಇದೆ. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಈಗ ಮಹಾತ್ಮಾ ಫುಲೆ ಪೇಠವೆಂದು ಹೆಸರಾದ ಗಂಜ್ ಪೇಠದಲ್ಲಿ, ಫುಲೆಯವರ ಮನೆ ಸ್ಮಾರಕವಾಗಿ ಉಳಿದಿದೆ. ಹೆಂಚಿನ ಮಾಡಿನ ಪುಟ್ಟ ಮನೆ, ಹಿಂಬದಿಯಲ್ಲಿ ಅವರ ಅಸ್ಥಿಯಿರಿಸಿದ ಸಮಾಧಿ, ಅಂಗಳದಲ್ಲಿ ಬಾವಿ. ರಜೆಗೆ ಬಂದ ಮಕ್ಕಳೊಡನೆ ಹೋಗುವವರು ಬೆಳಗಿನ ಹೊತ್ತು ಹೋದರೆ ಪೇಠದ ವಾಹನಗಳ ಗದ್ದಲ ಕಡಿಮೆ.